ಈಗ ನಿಮ್ಮ ಕೈಯಲ್ಲಿರುವ ಪುಸ್ತಕ ಯಾವುದು? ಜಪಾನಿ, ಇಂಗ್ಲಿಷ್ ಕಲಿಯುತ್ತಿರುವ ಮಲೆನಾಡಿನವರು ಹೇಳಿ

ತುಂಗೆಯ ಮಗಳು:
ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ದಿನಾ ಬಸ್ಸಲ್ಲೇ ಓಡಾಟ. ಎರಡು ವರ್ಷದಿಂದ ಜಪಾನಿ ಕಲಿಯುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಮೊದಲ ಹಂತ ಎನ್5 ಬರೆದು ಪಾಸಾದೆ, ಈಗ ಅದರ ಮೇಲಿನ ಹಂತ ಎನ್4ಗೆ ಓದುತ್ತಿದ್ದೇನೆ.

ಸಮಸ್ಯೆ ಏನೆಂದರೆ, ಅಭ್ಯಾಸದ ಪುಸ್ತಕದಲ್ಲಿ ಬಿಟ್ಟ ಜಾಗ ತುಂಬು ಅಂದರೆ ತುಂಬುತ್ತೇನೆ. ಆದರೆ ನಿಜವಾದ ಒಂದು ಪುಟ ತೆಗೆದರೆ ಮೂರನೇ ಸಾಲಿಗೆ ನಿಂತುಬಿಡುತ್ತೇನೆ. ಪ್ರತಿ ಪದಕ್ಕೂ ಫೋನ್ ತೆಗೆದು ಅರ್ಥ ನೋಡಬೇಕು. ಮಂಡಗದ್ದೆಯಲ್ಲಿ ಶುರು ಮಾಡಿದ ಪುಟ ಗಾಜನೂರು ಬಂದರೂ ಮುಗಿದಿರುವುದಿಲ್ಲ. ಇಂಗ್ಲಿಷಿನದೂ ಹೆಚ್ಚುಕಡಿಮೆ ಇದೇ ಕತೆ. ಪೇಪರ್ ಓದುತ್ತೇನೆ, ಆಫೀಸಿನ ಮೇಲ್ ಬರೆಯುತ್ತೇನೆ. ಆದರೆ ಒಂದು ಇಂಗ್ಲಿಷ್ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ್ದು ಇಲ್ಲವೇ ಇಲ್ಲ.

ಇನ್ನೊಂದು ಮಾತು. ನಾನು ಮೊದಲು ಹೋಗುತ್ತಿದ್ದ ಕ್ಲಾಸಲ್ಲಿ ಕನ್ನಡದಲ್ಲಿ ಅರ್ಥ ಬರೆಯಬೇಡಿ ಅನ್ನುತ್ತಿದ್ದರು. ಈಗಲೂ ನನ್ನ ನೋಟ್‌ಬುಕ್ಕಿನಲ್ಲಿ ಜಪಾನಿ ಪದ, ಅದರ ಪಕ್ಕ ಇಂಗ್ಲಿಷ್ ಅರ್ಥ, ಆ ಇಂಗ್ಲಿಷಿನ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ. ಮೂರು ಮೆಟ್ಟಿಲು ಹತ್ತಿ ಇಳಿದ ಹಾಗೆ.

ನೀವೆಲ್ಲ ಈಗ ಏನು ಓದುತ್ತಿದ್ದೀರಿ? ಏನು ಓದಬೇಕು ಅಂತಲ್ಲ. ಇವತ್ತು ಕೈಯಲ್ಲಿ ಏನಿದೆ ಅಂತ ಹೇಳಿ.

ಭದ್ರಾವತಿ ಎಕ್ಸ್‌ಪ್ರೆಸ್:
ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್. ಬರೀ ಮಾಂಗಾ. ಬೇರೇನೂ ಇಲ್ಲ.

ಕೊಪ್ಪದ ಮೇಷ್ಟ್ರು:
ಚಿತ್ರ ನೋಡಿ ಕತೆ ಊಹಿಸುವುದು ಓದು ಆಗುತ್ತದೆಯೇ? ತಪ್ಪು ತಿಳಿಯಬೇಡಿ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದೇನೆ. ಚಿತ್ರ ಇದ್ದ ಕಡೆ ಕಣ್ಣು ಸಾಲಿನ ಮೇಲೆ ನಿಲ್ಲುವುದಿಲ್ಲ.

ಭದ್ರಾವತಿ ಎಕ್ಸ್‌ಪ್ರೆಸ್:
ಮೇಷ್ಟ್ರೇ, ಜಪಾನಿ ವಿಷಯದಲ್ಲಿ ಹಾಗಲ್ಲ. ಅಲ್ಲಿ ಚೀನಾದಿಂದ ಬಂದ ಅಕ್ಷರಗಳಿವೆ, ಕಾಂಜಿ ಅಂತ. ದಿನಬಳಕೆಯ ಕಾಂಜಿ ಅಂತ ಸರ್ಕಾರ ಪಟ್ಟಿ ಮಾಡಿದ್ದೇ 2136. ಪ್ರೈಮರಿಯ ಆರು ವರ್ಷದಲ್ಲಿ ಅಲ್ಲಿನ ಮಕ್ಕಳು 1026 ಕಲಿಯುತ್ತಾರೆ. ನನಗೆ ಬರುವುದು ಮುನ್ನೂರು. ಮಕ್ಕಳ ಮಾಂಗಾದಲ್ಲಿ ಕಾಂಜಿಯ ಪಕ್ಕ ಸಣ್ಣಕ್ಷರದಲ್ಲಿ ಉಚ್ಚಾರಣೆ ಕೊಟ್ಟಿರುತ್ತಾರೆ, ಫುರಿಗಾನ ಅಂತ. ಅದಿಲ್ಲದಿದ್ದರೆ ನನಗೆ ಪದವನ್ನು ಬಾಯಲ್ಲಿ ಹೇಳಿಕೊಳ್ಳಲೂ ಆಗುವುದಿಲ್ಲ, ಡಿಕ್ಷನರಿಯಲ್ಲಿ ಹುಡುಕಲೂ ಕಷ್ಟ. ನಾನೀಗ ಓದುತ್ತಿರುವುದು 'ಯೊತ್ಸುಬ'. ಒಬ್ಬಳು ಪುಟ್ಟ ಹುಡುಗಿ, ಅವಳ ಅಪ್ಪ, ಪಕ್ಕದ ಮನೆಯವರು, ಅಷ್ಟೇ. ಮಾತೆಲ್ಲ ಮನೆಮಾತು. ಮೊದಲ ಭಾಗಕ್ಕೆ ನಾಲ್ಕು ತಿಂಗಳು ಬೇಕಾಯಿತು. ಎರಡನೇದು ಆರೇ ವಾರ.

ಶಂಕರಘಟ್ಟ ಹಾಸ್ಟೆಲ್:
ಅದು ಓದೇ. ಆರು ವಾರಕ್ಕೆ ಇಳಿದಿದ್ದೇ ಸಾಕ್ಷಿ ಅಲ್ವಾ?

ಹೊಸನಗರ ಹಂಚಿನಮನೆ:
ತುಂಗೆಯ ಮಗಳು ಅವರೇ, ನಿಮ್ಮದು ಪುಸ್ತಕದ ಆಯ್ಕೆಯ ಸಮಸ್ಯೆ, ನಿಮ್ಮ ಸಮಸ್ಯೆ ಅಲ್ಲ. ಓದುವುದರ ಬಗ್ಗೆ ಸಂಶೋಧನೆ ಮಾಡಿದವರು ಒಂದು ಲೆಕ್ಕ ಹೇಳುತ್ತಾರೆ. ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಬೇಕಾದರೆ ನೂರರಲ್ಲಿ 98 ಪದ ಗೊತ್ತಿರಬೇಕಂತೆ. 250 ಪದದ ಪುಟದಲ್ಲಿ ಗೊತ್ತಿಲ್ಲದವು ಐದೇ. ನೀವು ಮಂಡಗದ್ದೆಯಿಂದ ಗಾಜನೂರಿನವರೆಗೆ ಎಷ್ಟು ಪದ ಹುಡುಕಿದಿರಿ, ಎಣಿಸಿ ನೋಡಿ.

ಜಪಾನಿನಲ್ಲಿ 'ತದೋಕು' ಅಂತ ಒಂದು ಪದ್ಧತಿ ಇದೆ. ಜಾಸ್ತಿ ಓದುವುದು ಅಂತಲೇ ಅರ್ಥ. ನಿಯಮ ನಾಲ್ಕೇ. ತೀರಾ ಸುಲಭದ್ದರಿಂದ ಶುರು ಮಾಡು. ಡಿಕ್ಷನರಿ ಮುಟ್ಟಬೇಡ. ತಿಳಿಯದ್ದನ್ನು ಹಾರಿಸಿಕೊಂಡು ಹೋಗು. ಹಿಡಿಸದಿದ್ದರೆ ಆ ಪುಸ್ತಕ ಬಿಟ್ಟು ಇನ್ನೊಂದು ತಗೋ. ಅದಕ್ಕೆಂದೇ ಮಾಡಿದ ಸಣ್ಣ ಸಣ್ಣ ಪುಸ್ತಕಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಮಟ್ಟದ ಪ್ರಕಾರ ಜೋಡಿಸಿದ್ದಾರೆ. ತೀರಾ ಸುಲಭದ್ದರಲ್ಲಿ ಸೊನ್ನೆ ಮಟ್ಟದವೂ ಇವೆ. ನಾನು ಎನ್4 ಪಾಸಾದ ಮೇಲೂ ಸೊನ್ನೆಯಿಂದಲೇ ಶುರು ಮಾಡಿದೆ. ಒಂದೇ ಸಂಜೆ ಏಳು ಪುಸ್ತಕ ಮುಗಿಸಿದೆ. ಪುಸ್ತಕ ಮುಗಿಸಿದೆ ಅಂತ ಜಪಾನಿಯಲ್ಲಿ ಹೇಳುವ ಭಾಗ್ಯ ಅವತ್ತೇ ಮೊದಲು ಬಂದಿದ್ದು.

ಕೊಪ್ಪದ ಮೇಷ್ಟ್ರು:
ಡಿಕ್ಷನರಿ ಮುಟ್ಟಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪದದ ಅರ್ಥ ಸರಿಯಾಗಿ ತಿಳಿಯದೆ ಮುಂದೆ ಹೋದರೆ ತಪ್ಪು ಅರ್ಥವೇ ಗಟ್ಟಿಯಾಗುತ್ತದೆ.

ಹೊಸನಗರ ಹಂಚಿನಮನೆ:
ಕನ್ನಡದಲ್ಲಿ ಮೊದಲ ಸಲ ಕಾದಂಬರಿ ಓದಿದಾಗ ನೀವು ಎಷ್ಟು ಸಲ ಕಿಟ್ಟೆಲ್ ನಿಘಂಟು ತೆಗೆದಿರಿ ಮೇಷ್ಟ್ರೇ?

ಕೊಪ್ಪದ ಮೇಷ್ಟ್ರು:
ಒಂದು ಸಲವೂ ಇಲ್ಲ. ಆದರೆ ಆಗ ನನ್ನ ಕಿವಿಯಲ್ಲಿ ಕನ್ನಡ ಹತ್ತು ವರ್ಷದಿಂದ ಇತ್ತು. ಪರಭಾಷೆಗೆ ಆ ಅನುಕೂಲ ಇಲ್ಲ. ನನ್ನ ವಾದ ಇಷ್ಟೇ: ಒಂದು ಪುಟ ಬಿಗಿಯಾಗಿ ಓದಿ, ಪ್ರತಿ ಪದ ನೋಡಿ. ಆಮೇಲೆ ಹತ್ತು ಪುಟ ಸಡಿಲವಾಗಿ ಓದಿ. ಎರಡೂ ಬೇಕು.

ಹೊಸನಗರ ಹಂಚಿನಮನೆ:
ಇದನ್ನು ಒಪ್ಪಿದೆ.

ಸಾಗರದ ಸಂಜೆ:
ನಾನು ಜಪಾನಿ ಅಲ್ಲ, ಇಂಗ್ಲಿಷ್ ಕಲಿಯುವವಳು. ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಓದು ನಿಂತಿತು. ಈಗ ಮಗಳು ಕಾಲೇಜಿಗೆ ಹೋದ ಮೇಲೆ ಮತ್ತೆ ಶುರು ಮಾಡಿದ್ದೇನೆ. ಕೈಯಲ್ಲಿರುವುದು 'ಹಾರ್ಟ್ ಲ್ಯಾಂಪ್'. ಬಾನು ಮುಷ್ತಾಕ್ ಅವರ ಹನ್ನೆರಡು ಕತೆ, ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ್ದು, 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಅದೇ. ಕನ್ನಡದಲ್ಲಿ ಒಂದು ಕತೆ ಓದುತ್ತೇನೆ, ಮಾರನೇ ದಿನ ಅದೇ ಕತೆ ಇಂಗ್ಲಿಷಿನಲ್ಲಿ. ಕತೆ ಮೊದಲೇ ಗೊತ್ತಿರುವುದರಿಂದ ಭಯ ಇಲ್ಲ. ಮಾತು ಹೇಗೆ ತಿರುಗಿದೆ ಅಂತ ನೋಡುವುದಷ್ಟೇ ಕೆಲಸ. ಅಡುಗೆ ಆದ ಮೇಲೆ ಒಲೆ ಹತ್ತಿರವೇ ಕೂತು ಜೋರಾಗಿ ಓದುತ್ತೇನೆ.

ಭದ್ರಾವತಿ ಎಕ್ಸ್‌ಪ್ರೆಸ್:
ಆದರೆ ಅದು ಕನ್ನಡದ ವಾಸನೆ ಇರುವ ಇಂಗ್ಲಿಷ್ ಅಲ್ವಾ? ಕನ್ನಡ, ಉರ್ದು ಪದ ಹಾಗೇ ಬಿಟ್ಟಿದ್ದಾರೆ. ಕಲಿಯುವವರಿಗೆ ಇಂಗ್ಲೆಂಡಿನವರದ್ದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ಸಾಗರದ ಸಂಜೆ:
ಬೇಕೆಂದೇ ಬಿಟ್ಟಿದ್ದಾರೆ. ಆ ಪದಗಳನ್ನು ಓರೆ ಅಕ್ಷರದಲ್ಲೂ ಹಾಕಿಲ್ಲ, ಯಾಕೆ ಅಂತ ಅನುವಾದಕಿಯೇ ಪುಸ್ತಕದಲ್ಲಿ ಬರೆದಿದ್ದಾರೆ. ನನಗೆ ಮೊದಲ ಸಲ ಇಂಗ್ಲಿಷ್ ಪುಟದಲ್ಲಿ ನಮ್ಮ ಮನೆ ಕಂಡಿತು. ಲಂಡನ್ನಿನ ಮಂಜಿನ ಬಗ್ಗೆ ಓದಲು ಹೋಗಿ ಹತ್ತು ಸಲ ಬಿಟ್ಟಿದ್ದೇನೆ ನಾನು. ಇದನ್ನು ಬಿಟ್ಟಿಲ್ಲ. ಯಾವ ಇಂಗ್ಲಿಷ್ ಒಳ್ಳೆಯದು ಅನ್ನುವುದು ಆಮೇಲಿನ ಮಾತು.

ಇನ್ನೊಂದು ವಿಷಯ ನಿಮಗೆ ಗೊತ್ತಾ? ಬಾನು ಅವರು ಹಾಸನದವರಾದರೂ ಕನ್ನಡ ಅಕ್ಷರ ಕಲಿತದ್ದು ನಮ್ಮ ಶಿವಮೊಗ್ಗದಲ್ಲಿ. ಎಂಟು ವರ್ಷದ ಹುಡುಗಿಯನ್ನು ಕನ್ನಡ ಶಾಲೆಗೆ ಸೇರಿಸಿಕೊಳ್ಳುವಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಬರಬೇಕು ಅಂತ ಷರತ್ತು ಹಾಕಿದ್ದರಂತೆ. ಅವರು ಕೆಲವೇ ದಿನಗಳಲ್ಲಿ ಬರೆಯಲು ಶುರು ಮಾಡಿದರು. ಇದೇ ಊರಿನಲ್ಲಿ! ನನಗೆ ಬೇಜಾರಾದಾಗಲೆಲ್ಲ ಆ ಹುಡುಗಿಯನ್ನು ನೆನೆಸಿಕೊಳ್ಳುತ್ತೇನೆ.

ತುಂಗೆಯ ಮಗಳು:
ಇದು ನನಗೆ ಗೊತ್ತಿರಲಿಲ್ಲ. ಓದಿ ಮೈ ಜುಮ್ ಅಂದಿತು.

ಆಗುಂಬೆ ಮಳೆ:
ಇಂಗ್ಲಿಷಿಗೆ ಆರ್.ಕೆ. ನಾರಾಯಣ್. ವಾಕ್ಯ ಚಿಕ್ಕದು, ಊರು ನಮ್ಮದೇ ಅನ್ನಿಸುತ್ತದೆ. ಶಂಕರ್‌ನಾಗ್ ಮಾಲ್ಗುಡಿ ಧಾರಾವಾಹಿ ಮಾಡಿದ್ದು ಇಲ್ಲೇ, ರೈಲ್ವೆ ಸ್ಟೇಷನ್ ಅರಸಾಳಿನದು. ನಮ್ಮಪ್ಪ ಶೂಟಿಂಗ್ ನೋಡಿದ್ದರು. ಹಾಗಾಗಿ ನಾನು ಓದುವಾಗ ಸ್ವಾಮಿ ನಮ್ಮ ಬೀದಿಯಲ್ಲೇ ಓಡುತ್ತಾನೆ.

ಶಂಕರಘಟ್ಟ ಹಾಸ್ಟೆಲ್:
ಅರಸಾಳು ಸ್ಟೇಷನ್ನಿನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ, ಹೋಗಿ ಬನ್ನಿ. ಸರಿ, ಜಪಾನಿಗೆ ವಾಪಸ್ ಬರೋಣ. ಎನ್4ರಲ್ಲಿ ಓದುವ ಭಾಗಕ್ಕೇ ಬೇರೆ ಪಾಸ್ ಅಂಕ ಇದೆಯಾ?

ನಗೋಯದಿಂದ:
ಇಲ್ಲ. ಎನ್4ರಲ್ಲಿ ಪದ, ವ್ಯಾಕರಣ, ಓದು ಮೂರೂ ಸೇರಿ 120, ಕೇಳುವುದು 60. ಒಟ್ಟು 180ಕ್ಕೆ 90 ಬರಬೇಕು. ಜೊತೆಗೆ 120ರಲ್ಲಿ 38, 60ರಲ್ಲಿ 19 ಬರಲೇಬೇಕು. ಓದು ಪ್ರತ್ಯೇಕ ಆಗುವುದು ಎನ್3ರಿಂದ ಮೇಲೆ. ಅದಕ್ಕೇ ಎಷ್ಟೋ ಜನ ಎನ್4ವರೆಗೆ ಓದನ್ನು ಜಾರಿಸಿಕೊಂಡು ಬಂದು ಎನ್3ರಲ್ಲಿ ಬೀಳುತ್ತಾರೆ. ನಾನೂ ಬಿದ್ದೆ.

ಊರು ಶಿಕಾರಿಪುರ, ಕೆಲಸಕ್ಕೆ ಜಪಾನಿಗೆ ಬಂದು ಮೂರು ವರ್ಷ. ನಾನು ದಿನಾ ಓದುವುದು ಕಸದ ಪಟ್ಟಿ. ಯಾವ ದಿನ ಸುಡುವ ಕಸ, ಯಾವ ದಿನ ಸುಡದ ಕಸ, ಬಾಟಲಿ ಯಾವತ್ತು. ಆಮೇಲೆ ಅಂಗಡಿಯ ಬೆಲೆ ಚೀಟಿ, ಫ್ಯಾಕ್ಟರಿಯ ಸುರಕ್ಷತಾ ಬೋರ್ಡು. ಕತೆ ಅಲ್ಲ, ಆದರೆ ಮೊದಲ ಆರು ತಿಂಗಳು ನನಗೆ ಭಾಷೆ ಕಲಿಸಿದ್ದು ಇವೇ. ತಪ್ಪು ಓದಿದರೆ ಕಸದ ಚೀಲ ಬಾಗಿಲ ಮುಂದೆಯೇ ಉಳಿಯುತ್ತದೆ.

ಅಡಿಕೆ ಸುಗ್ಗಿ:
ಕನ್ನಡದಲ್ಲಿ ಅರ್ಥ ಬರೆಯಬೇಡಿ ಅಂದರಲ್ಲ ಆ ಕ್ಲಾಸಿನವರು, ನನಗೆ ಅದರ ಬಗ್ಗೆ ಜೋರಾಗಿ ಹೇಳಬೇಕಾಗಿದೆ. ನಾವು ಜಪಾನಿಯನ್ನು ಇಂಗ್ಲಿಷ್ ಮೂಲಕ ಕಲಿಯುವುದು ಕೊಪ್ಪಕ್ಕೆ ಹೋಗಲು ಬೆಂಗಳೂರು ಸುತ್ತಿ ಬಂದ ಹಾಗೆ.

ನೋಡಿ. "ಎದ್ದು, ಮುಖ ತೊಳೆದು, ಕಾಫಿ ಕುಡಿದು, ತೋಟಕ್ಕೆ ಹೋದೆ." ಜಪಾನಿಯಲ್ಲಿ: ಒಕಿತೆ, ಕಾವೊ ಒ ಅರತ್ತೆ, ಕೋಹೀ ಒ ನೊಂದೆ, ಹತಕೆ ಎ ಇತ್ತಾ. ಅದೇ ಸಾಲು, ಅದೇ ಕ್ರಮ, ಕೊನೆಗೆ ಒಂದೇ ಪೂರ್ಣ ಕ್ರಿಯಾಪದ. ಇಂಗ್ಲಿಷಿಗೆ ಹಾಕಿದರೆ ನಡುವೆ 'ಆಂಡ್' ಸೇರಿಸಬೇಕು, ಇಲ್ಲ ಒಡೆಯಬೇಕು.

"ತಿಂದು ನೋಡು" ಅನ್ನುತ್ತೇವೆ. ಅವರೂ 'ತಬೆತೆ ಮಿರು' ಅನ್ನುತ್ತಾರೆ. 'ತಬೆತೆ' ಅಂದರೆ ತಿಂದು, 'ಮಿರು' ಅಂದರೆ ನೋಡು. ಪ್ರಯತ್ನಿಸು ಅನ್ನುವ ಅರ್ಥಕ್ಕೆ ಎರಡೂ ಭಾಷೆ ಕಣ್ಣನ್ನೇ ಹಿಡಿದಿವೆ! "ತಿಂದುಬಿಟ್ಟ" ಅನ್ನುವುದಕ್ಕೆ 'ತಬೆತೆ ಶಿಮತ್ತಾ'. "ನಿನ್ನೆ ನಾನು ಓದಿದ ಪುಸ್ತಕ" ಕೂಡ ಹಾಗೇ, 'ಕಿನೋ ವತಶಿ ಗ ಯೊಂದ ಹೊನ್', ಪದಕ್ಕೆ ಪದ. ನಾವು ಎರಡು ಮರ, ಇಬ್ಬರು ಮನುಷ್ಯರು ಅನ್ನುವ ಹಾಗೆ ಅವರಿಗೂ ಮನುಷ್ಯರನ್ನು ಎಣಿಸುವ ಮಾತು ಬೇರೆ: ಹಿತೊರಿ, ಫುತಾರಿ, ಒಬ್ಬರು, ಇಬ್ಬರು.

ಇಷ್ಟು ಹತ್ತಿರದ ನಡಿಗೆ ಇರುವ ಭಾಷೆಯನ್ನು ನಾವು ದೂರ ಮಾಡಿಕೊಂಡು ಕಲಿಯುತ್ತಿದ್ದೇವೆ. ತುಂಗೆಯ ಮಗಳು ಅವರೇ, ಇಂಗ್ಲಿಷ್ ಸಾಲು ಅಳಿಸಿ. ಪೆನ್ಸಿಲಿನ ಕನ್ನಡದ ಮೇಲೆ ಪೆನ್ ಹಾಯಿಸಿ.

ಭದ್ರಾವತಿ ಎಕ್ಸ್‌ಪ್ರೆಸ್:
ಒಳ್ಳೆಯ ಮಾತು. ಆದರೆ ಜಪಾನಿ ಕನ್ನಡ ಡಿಕ್ಷನರಿ ಎಲ್ಲಿದೆ? ಆ್ಯಪ್ ಎಲ್ಲ ಇಂಗ್ಲಿಷಿನದೇ. ಹೇಗೂ ಇಂಗ್ಲಿಷ್ ಬೇಕೇ ಬೇಕು.

ಅಡಿಕೆ ಸುಗ್ಗಿ:
ಹುಡುಕುವುದು ಇಂಗ್ಲಿಷಿನಲ್ಲಿ ಹುಡುಕಿ, ಬೇಡ ಅನ್ನುವುದಿಲ್ಲ. ಬರೆದಿಡುವುದು ಕನ್ನಡದಲ್ಲಿ. ನಾನು ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಾ ಕತೆಯ ಆಡಿಯೊ ಕೇಳುತ್ತೇನೆ. ಕೈ ಮೆಟ್ಟುಗತ್ತಿಯ ಮೇಲೆ, ಕಿವಿ ಅಲ್ಲಿ. ಆಗ ಇಂಗ್ಲಿಷಿಗೆ ತಿರುಗಿಸಲು ಪುರುಸೊತ್ತೇ ಇರುವುದಿಲ್ಲ, ನೇರ ಕನ್ನಡಕ್ಕೇ ಬರುತ್ತದೆ.

ಮತ್ತೂರಿನ ಪಕ್ಕ:
ಇನ್ನೊಂದು ಸೇರಿಸುತ್ತೇನೆ. ಅವರ ಅಕ್ಷರಮಾಲೆಯ ಕ್ರಮ: ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯದೇ ಕ್ರಮ ಅಲ್ವಾ? ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಕ್ಕಾಗಿ ಸಿದ್ಧಂ ಲಿಪಿ ಓದುತ್ತಿದ್ದರು, ಅದರಿಂದ ಬಂದದ್ದು. 'ಚ' ಇರಬೇಕಾದ ಜಾಗದಲ್ಲಿ 'ಸ', 'ಪ' ಇರಬೇಕಾದ ಜಾಗದಲ್ಲಿ 'ಹ' ಇದೆ, ಅವೆರಡು ನೆನಪಿಟ್ಟರೆ ಜಪಾನಿ ಡಿಕ್ಷನರಿಯ ಪುಟ ತಿರುಗಿಸಲು ನಮಗೆ ಕಲಿಯಬೇಕಾದ್ದೇ ಇಲ್ಲ.

ಆಗುಂಬೆ ಮಳೆ:
ಶಬ್ದಗಳನ್ನು ಮರೆತಿರಿ! ನಮಗೆ ಜಿಟಿಜಿಟಿ ಮಳೆ, ಧೋ ಧೋ ಮಳೆ. ಅವರಿಗೆ ಸಣ್ಣಗೆ ಹಿಡಿದದ್ದು 'ಶಿತೊ ಶಿತೊ', ಜೋರು ಹೊಡೆಯುವುದು 'ಝಾ ಝಾ', ಹನಿ ಹನಿ ಶುರುವಾಗುವುದು 'ಪೊತ್ಸು ಪೊತ್ಸು'. ಜೂನ್ ಜುಲೈಯ ಮಳೆಗಾಲಕ್ಕೆ 'ತ್ಸುಯು', ಮಂಜಿನಂಥ ಮಳೆಗೆ 'ಕಿರಿಸಮೆ'. ಇಂಗ್ಲಿಷಿನವರಿಗೆ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತಾರೆ. ನಮಗೆ ಜಗಲಿಯಲ್ಲಿ ಕೂತರೆ ಸಾಕು.

ಶಂಕರಘಟ್ಟ ಹಾಸ್ಟೆಲ್:
'ಕೊಮೊರೆಬಿ'ಗೆ ಕನ್ನಡ ಏನು? ಮರದ ಎಲೆ ಸಂದಿಯಿಂದ ಇಳಿಯುವ ಬಿಸಿಲು. ಹೂಬಿಸಿಲು ಅನ್ನಬಹುದಾ?

ಅಡಿಕೆ ಸುಗ್ಗಿ:
ಹೂಬಿಸಿಲು ಬೇರೆ, ಅದು ಎಳೆ ಬಿಸಿಲು. ತೋಟದಲ್ಲಿ ಸೋಗೆ ಸಂದಿಯಿಂದ ನೆಲಕ್ಕೆ ಬೀಳುವುದಕ್ಕೆ ನಮ್ಮಜ್ಜಿ ಬಿಸಿಲುಕೋಲು ಅನ್ನುತ್ತಿದ್ದರು.

ಸಾಗರದ ಸಂಜೆ:
ಬಿಸಿಲುಕೋಲು ಎಷ್ಟು ಚೆಂದ ಇದೆ! ಹೆಂಚಿನ ಸಂದಿಯಿಂದ ಅಡುಗೆಮನೆಗೆ ಬೀಳುವುದೂ ಅದೇ.

ನಗೋಯದಿಂದ:
ಮಳೆ ಬಂತಲ್ಲ, ಒಂದು ಮಾತು. ಇಲ್ಲಿ ರೇನ್‌ಕೋಟಿಗೆ 'ಕಪ್ಪಾ' ಅನ್ನುತ್ತಾರೆ. ಪೋರ್ಚುಗೀಸರಿಂದ ಬಂದ ಪದ. ಮೊದಲ ಸಲ ಕೇಳಿದಾಗ ನಮ್ಮ ಕಂಬಳಿಕೊಪ್ಪೆ ನೆನಪಾಯಿತು. ಎರಡಕ್ಕೂ ಸಂಬಂಧ ಇಲ್ಲ, ಆದರೂ ಮರೆಯಲಿಲ್ಲ.

ತುಂಗೆಯ ಮಗಳು:
ಎಲ್ಲ ಓದುತ್ತಿದ್ದೇನೆ, ನೋಟ್‌ಬುಕ್ ತೆಗೆದಿಟ್ಟುಕೊಂಡು. ಎನ್4 ಮಟ್ಟದವರು ಓದಬಹುದಾದ ಒಂದು ನಿಜವಾದ ಕತೆ ಹೇಳಿ. ಕಲಿಯುವವರಿಗೆಂದು ಬರೆದದ್ದಲ್ಲ, ಅವರ ಮಕ್ಕಳೇ ಓದುವಂಥದ್ದು.

ನಗೋಯದಿಂದ:
'ಗೋನ್ ಗಿತ್ಸುನೆ'. ಗೋನ್ ಅನ್ನುವ ನರಿಯ ಕತೆ. ಬರೆದವರು ನೀಮಿ ನಾನ್‌ಕಿಚಿ. 1932ರಲ್ಲಿ ಮಕ್ಕಳ ಪತ್ರಿಕೆಯಲ್ಲಿ ಬಂತು, ಆಗ ಅವರಿಗೆ ಹದಿನೆಂಟು. 29ನೇ ವಯಸ್ಸಿಗೆ ತೀರಿಕೊಂಡರು. ಇವತ್ತಿಗೂ ಇಲ್ಲಿ ನಾಲ್ಕನೇ ಕ್ಲಾಸಿನ ಪಠ್ಯದಲ್ಲಿದೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ 'ಅಓಜೊರ ಬುಂಕೊ'ದಲ್ಲಿ ಪುಕ್ಕಟೆ ಇದೆ. ಹಳೆ ಪುಸ್ತಕಗಳನ್ನು ಜನರೇ ಕೂತು ಟೈಪ್ ಮಾಡಿ ಇಡುವ ತಾಣ ಅದು, 1997ರಲ್ಲಿ ಶುರುವಾಗಿದ್ದು.

ಎನ್4ಗೆ ಸ್ವಲ್ಪ ಜಾಸ್ತಿಯೇ ಆಗುತ್ತದೆ, ಹಳೆ ಪದ ಇವೆ. ಆದರೆ ಉದ್ದ ಇಲ್ಲ. ತುಂಟ ನರಿಯೊಂದು ಒಬ್ಬ ಬಡವ ಹಿಡಿದ ಹಾವುಮೀನನ್ನು ಕದಿಯುತ್ತದೆ. ಆಮೇಲೆ ಅವನ ತಾಯಿ ಸತ್ತಳು ಅಂತ ಗೊತ್ತಾಗುತ್ತದೆ. ಮುಂದಿನದು ಹೇಳುವುದಿಲ್ಲ.

ನಾನ್‌ಕಿಚಿಯ ಊರು ಹಂದಾ, ನಗೋಯದ ಹತ್ತಿರವೇ. ಸೆಪ್ಟೆಂಬರ್ ಕೊನೆಯಲ್ಲಿ ಹೋಗಿದ್ದೆ. ಹೊಳೆಯ ದಂಡೆಯ ಉದ್ದಕ್ಕೂ ಕೆಂಪು ಹೂ, ಹಿಗಂಬನ. ಎಲೆ ಇಲ್ಲ, ಬರೀ ದಂಟು, ತುದಿಯಲ್ಲಿ ಬೆಂಕಿಯಂಥ ಹೂ. ಹಿರಿಯರ ಸಮಾಧಿಗೆ ಹೋಗುವ ದಿನಗಳಲ್ಲಿ ಅರಳುತ್ತದೆ, ನಮ್ಮ ಪಿತೃಪಕ್ಷದ ಆಸುಪಾಸಿನಲ್ಲೇ. ಕತೆಯಲ್ಲೂ ಈ ಹೂ ಬರುತ್ತದೆ. ದಂಡೆಯ ಮೇಲೆ ಕೂತು ಫೋನಿನಲ್ಲಿ ಅದೇ ಪುಟ ತೆಗೆದು ಓದಿದೆ. ಪದ ಹುಡುಕಬೇಕು ಅನ್ನಿಸಲೇ ಇಲ್ಲ.

ಹೊಸನಗರ ಹಂಚಿನಮನೆ:
ಒಂದು ಎಚ್ಚರಿಕೆ. ಅದರಲ್ಲಿ 'ಕುರಿ' ಬರುತ್ತದೆ. ನಮ್ಮ ಕುರಿ ಅಲ್ಲ, ಚೆಸ್ಟ್‌ನಟ್ ಕಾಯಿ. ನರಿ ಕುರಿ ತಂದಿಟ್ಟಿತು ಅಂತ ಓದಿ ನಾನು ಎರಡು ದಿನ ಕತೆಯನ್ನೇ ತಪ್ಪು ತಿಳಿದಿದ್ದೆ.

ಕೊಪ್ಪದ ಮೇಷ್ಟ್ರು:
ಇದಕ್ಕೇ ನಾನು ಡಿಕ್ಷನರಿ ನೋಡಿ ಅಂದಿದ್ದು.

ಹೊಸನಗರ ಹಂಚಿನಮನೆ:
ಈ ಸಲ ನೀವು ಗೆದ್ದಿರಿ ಮೇಷ್ಟ್ರೇ.

ಮತ್ತೂರಿನ ಪಕ್ಕ:
'ಮೋರಿ' ಅಂದರೆ ಕಾಡು, ಅದನ್ನೂ ಬರೆದುಕೊಳ್ಳಿ. ಆ ಅಕ್ಷರ ಚೆಂದ ಇದೆ. ಒಂದು ಮರದ ಚಿತ್ರ ಬರೆದರೆ 'ಕಿ', ಮರ. ಎರಡು ಪಕ್ಕಪಕ್ಕ ಬರೆದರೆ 'ಹಯಶಿ', ತೋಪು. ಮೇಲೊಂದು ಕೆಳಗೆರಡು ಬರೆದರೆ 'ಮೋರಿ'.

ತುಂಗೆಯ ಮಗಳು:
ಒಂಬತ್ತು ದಿನ ಆಯಿತು. ಹೇಳಲೇಬೇಕು ಅನ್ನಿಸಿ ಬಂದೆ.

ಗೋನ್ ಮುಗಿಯಿತು. ಮೇಷ್ಟ್ರು ಹೇಳಿದ ಹಾಗೆ ಮೊದಲ ಪುಟ ಬಿಗಿಯಾಗಿ, ಉಳಿದದ್ದು ಹಂಚಿನಮನೆಯವರು ಹೇಳಿದ ಹಾಗೆ ಹಾರಿಸಿಕೊಂಡು ಓದಿದೆ. ನಿನ್ನೆ ಸಂಜೆ ಬಸ್ಸಲ್ಲಿ ಜಾಗ ಸಿಕ್ಕಿರಲಿಲ್ಲ. ಸಕ್ರೆಬೈಲಿನಿಂದ ನಿಂತೇ ಓದುತ್ತಿದ್ದೆ, ಒಂದು ಕೈ ಕಂಬಿಗೆ, ಒಂದು ಕೈಯಲ್ಲಿ ಫೋನು. ನರಿ ದಿನಾ ಯಾರಿಗೂ ಕಾಣದ ಹಾಗೆ ಕುರಿ ತಂದಿಟ್ಟು ಹೋಗುತ್ತದೆ, ಅಣಬೆ ತಂದಿಡುತ್ತದೆ. ಆ ಬಡವ ಅದು ದೇವರ ಕೆಲಸ ಅಂದುಕೊಳ್ಳುತ್ತಾನೆ. ಕೊನೆಯ ಸಾಲಿನ ಹೊಗೆಗೆ ಬಂದಾಗ ಕಣ್ಣೀರು ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜಿ, ಏನಾಯ್ತು ಮಗಾ, ಮನೆಯಿಂದ ಏನಾದರೂ ಸುದ್ದಿ ಬಂತಾ ಅಂತ ಕೇಳಿದರು. ಕತೆ ಅಜ್ಜಿ ಅಂದೆ. ಯಾವ ಕತೆ ಅಂದರು. ಮಂಡಗದ್ದೆ ದಾಟುವವರೆಗೂ ಪೂರ್ತಿ ಕತೆ ಕನ್ನಡದಲ್ಲಿ ಹೇಳಿದೆ. ಎಲ್ಲೂ ಇಂಗ್ಲಿಷ್ ಪದ ಬೇಕಾಗಲಿಲ್ಲ. ಪಾಪದ ನರಿ, ಒಂದು ಕೂಗು ಹಾಕಬಾರದಿತ್ತಾ ಅಂದರು ಅಜ್ಜಿ.

ಅಡಿಕೆ ಸುಗ್ಗಿ:
ಈ ಅಜ್ಜಿಯ ಮಾತನ್ನು ನಾನು ಮರೆಯುವುದಿಲ್ಲ.

ನಗೋಯದಿಂದ:
ಮುಂದಿನ ಸಲ ಹಂದಾಕ್ಕೆ ಹೋದಾಗ ಆ ಹೊಳೆ ದಂಡೆಯ ಫೋಟೊ ಹಾಕುತ್ತೇನೆ. ಅಜ್ಜಿಗೂ ತೋರಿಸಿ.

ಕೊಪ್ಪದ ಮೇಷ್ಟ್ರು:
ಜಪಾನಿ ನನಗೆ ಬಾರದು. ಇಲ್ಲಿ ಹೇಳಿದ ಸೊನ್ನೆ ಮಟ್ಟದ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ತಿಳಿಸಿ. ಅ ಇ ಉ ಎ ಒ ಹೇಗೂ ಬರುತ್ತದೆ.

ಹೊಸನಗರ ಹಂಚಿನಮನೆ:
ಮೇಷ್ಟ್ರೇ, ಈಗಲೇ ಕಳಿಸುತ್ತೇನೆ.

ತುಂಗೆಯ ಮಗಳು:
ಇನ್ನೊಂದು ಪ್ರಶ್ನೆ. ಇವತ್ತು ಹೊಸ ಪುಸ್ತಕ ಶುರು ಮಾಡಿದೆ. 'ಪರಾಪರಾ' ಅಂತ ಬಂತು. ಅದು ಚದುರಿ ಬೀಳುವ ಮಳೆಹನಿ ಅಲ್ವಾ? ಆದರೆ ಇಲ್ಲಿ ಹುಡುಗ ಲೈಬ್ರರಿಯಲ್ಲಿ ಕೂತಿದ್ದಾನೆ, ಮಳೆಯೇ ಇಲ್ಲ.

ಆಗುಂಬೆ ಮಳೆ:
ಪುಸ್ತಕದ ಹಾಳೆಗಳನ್ನು ಬೇಗ ಬೇಗ ತಿರುವುವುದಕ್ಕೂ ಅದೇ ಪದ.

ತುಂಗೆಯ ಮಗಳು:
ಬರೆದುಕೊಂಡೆ. ಪೆನ್ನಿನಲ್ಲಿ, ಕನ್ನಡದಲ್ಲಿ.